ದೊಡ್ಡಿಗೆ ಹೋಗಿಬಂದ ಚೊಂಬು

ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಒಂದು ಹಿತ್ತಾಳೆಯ ಚೊಂಬು ಇದೆ. ಅದರ ಪಕ್ಕದಲ್ಲಿ ನಮ್ಮವರು ನಿವೃತ್ತರಾದಾಗ ನೌಕಾಪಡೆಯ ಗೆಳೆಯರು ಕೊಟ್ಟ ಹಡಗಿನ ಪುಟ್ಟ ಮಾದರಿ, ಮಗಳು ಶಾಲೆಯ ಓಟದಲ್ಲಿ ಗೆದ್ದ ಬಟ್ಟಲು, ಯಾರು ಯಾಕೆ ಕೊಟ್ಟರೆಂದು ಮರೆತೇಹೋಗಿರುವ ಒಂದು ಪಿಂಗಾಣಿ ಬಾತುಕೋಳಿ. ಬಂದವರ ಕಣ್ಣು ಇವನ್ನೆಲ್ಲ ದಾಟಿ ಚೊಂಬಿನ ಮೇಲೆಯೇ ನಿಲ್ಲುತ್ತದೆ. ಹೊಟ್ಟೆ ದುಂಡಗಿದೆ, ಕತ್ತು ಸಣ್ಣಗಿದೆ, ಬಾಯಂಚಿನ ಸುತ್ತ ಬಳ್ಳಿಯ ಕೆತ್ತನೆ ಇದೆ. ಎಷ್ಟು ಹಳೆಯದ್ರೀ ಇದು ಎನ್ನುತ್ತಾ ಕೈಗೆತ್ತಿಕೊಳ್ಳುತ್ತಾರೆ. ಇದರಲ್ಲಿ ಹೂವಿಟ್ಟರೆ ಚೆನ್ನಾಗಿರುತ್ತದೆ ಎಂದು ಪುಕ್ಕಟೆ ಸಲಹೆ ಕೊಡುತ್ತಾರೆ. ಆಮೇಲೆ ಎಲ್ಲಿ ಸಿಕ್ಕಿತು ಎಂದು ಕೇಳುತ್ತಾರೆ. ನಾನು ಹೇಳತೊಡಗಿ ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಚೊಂಬನ್ನು ಮೆಲ್ಲಗೆ ಕೆಳಗಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಇನ್ನರ್ಧ ಕೇಳುವ ತಾಳ್ಮೆ ಉಳ್ಳವರು ಮತ್ತೆ ಎತ್ತಿಕೊಳ್ಳುತ್ತಾರೆ. ನೀವೂ ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಬೇಕು.

ಮೊದಲು ನನ್ನ ಊರಿನ ವಿಷಯ ಹೇಳಿಬಿಡುತ್ತೇನೆ. ಚನ್ನಪಟ್ಟಣ, ಮದ್ದೂರು ಕಡೆಯವರಿಗೆ ಗೊತ್ತು, ಅಲ್ಲಿ ಹೆಜ್ಜೆಗೊಂದು ದೊಡ್ಡಿ. ನನ್ನದು ಕಾಗದಪತ್ರದಲ್ಲಿ ಪುಟ್ಟಲಿಂಗನದೊಡ್ಡಿ. ಯಾವ ಕಾಲದಲ್ಲೋ ಪುಟ್ಟಲಿಂಗನೆಂಬುವನು ದನ ಕೂಡಿಹಾಕಲು ಒಂದು ಬೇಲಿ ಕಟ್ಟಿದನಂತೆ. ದನಗಳ ಹಿಂದೆ ಅವನ ಅಣ್ಣತಮ್ಮಂದಿರು ಬಂದರು, ಅವರ ಹಿಂದೆ ಹೆಂಡತಿ ಮಕ್ಕಳು ಬಂದರು, ದನದ ದೊಡ್ಡಿ ಜನರ ಊರಾಯಿತು. ಪುಟ್ಟಲಿಂಗನನ್ನು ಎಲ್ಲರೂ ಮರೆತರು, ಬರೀ ದೊಡ್ಡಿ ಉಳಿಯಿತು. ದೊಡ್ಡಿಗೆ ಹೋಗಿದ್ದೆ, ದೊಡ್ಡಿಯಿಂದ ಬಂದೆ ಎನ್ನುವುದೇ ನಮ್ಮ ಬಾಯಿಯ ರೂಢಿ. ಮದುವೆಯಾದ ಮೇಲಾದರೂ ಬೇರೆ ಹೆಸರಿನ ಊರು ಸಿಕ್ಕೀತು ಅಂದುಕೊಂಡರೆ, ನಮ್ಮವರ ಊರು ಮೂರು ಮೈಲಿ ಆಚೆಗಿನ ಇನ್ನೊಂದು ದೊಡ್ಡಿ. ತವರೂ ದೊಡ್ಡಿ, ಅತ್ತೆಮನೆಯೂ ದೊಡ್ಡಿ. ಅತ್ತೆ ಮಾವ ತೀರಿಕೊಂಡ ಮೇಲೆ ನಾವು ರಜೆಗೆ ಹೋಗುತ್ತಿದ್ದದ್ದು ನನ್ನ ದೊಡ್ಡಿಗೇ. ಅಲ್ಲಿ ನನ್ನ ಅವ್ವ, ಅಣ್ಣ, ಅತ್ತಿಗೆ, ಅವರ ಮಕ್ಕಳು ಎಲ್ಲ ಇದ್ದರು.

ನಮ್ಮವರು ನೌಕಾಪಡೆಯಲ್ಲಿ ಹಡಗಿನ ಎಂಜಿನ್ ನೋಡಿಕೊಳ್ಳುವವರು. ಮದುವೆಯಾದ ವರ್ಷವೇ ನನ್ನನ್ನು ವಿಶಾಖಪಟ್ಟಣಕ್ಕೆ ಕರೆದುಕೊಂಡು ಹೋದರು. ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆ ವರಲಕ್ಷ್ಮಿಗಾರದು. ಆಕೆ ನನಗೆ ತೆಲುಗು ಕಲಿಸಿದರು ಎನ್ನುವುದಕ್ಕಿಂತ, ಆಕೆ ತಮ್ಮ ಮಗನನ್ನು ಗದರಿಸುವುದನ್ನು ಗೋಡೆಯಾಚೆಯಿಂದ ಕೇಳಿ ಕೇಳಿ ನಾನು ಕಲಿತೆ ಎನ್ನಬೇಕು. ಒಂದು ಬೆಳಿಗ್ಗೆ ಆಕೆ ಆ ಮಗನಿಗೆ, ಶಾಲೆಗೆ ಹೊತ್ತಾಯಿತು, ಬೇಗ ದೊಡ್ಡಿಗೆ ಹೋಗಿ ಬಾ ಎಂದು ಕೂಗುತ್ತಿದ್ದರು. ನನ್ನ ಊರಿಗೆ ಈ ಹುಡುಗನನ್ನು ಯಾಕೆ ಅಟ್ಟುತ್ತಿದ್ದಾರೆ ಎಂದು ಕಿಟಕಿಯಲ್ಲಿ ಇಣುಕಿದೆ. ಹುಡುಗ ಚಡ್ಡಿ ಹಿಡಿದುಕೊಂಡು ಕಕ್ಕಸಿನ ಕಡೆಗೆ ಓಡುತ್ತಿದ್ದ. ನಿಮಗೂ ಈಗ ತಿಳಿದಿರಬೇಕು. ತೆಲುಗಿನಲ್ಲಿ ದೊಡ್ಡಿ ಎಂದರೆ ಹಿತ್ತಲು. ದೊಡ್ಡಿಗೆ ಹೋಗುವುದು ಎಂದರೆ ಹಿತ್ತಲಿಗೆ ಯಾಕೆ ಹೋಗುತ್ತಿದ್ದರೋ ಅದು.

ಆ ದಿನದಿಂದ ನಾನು ಊರು ಬದಲಾಯಿಸಿದೆ. ಯಾರಾದರೂ ಕೇಳಿದರೆ ಮೈಸೂರು ಹತ್ತಿರ ಎನ್ನುತ್ತಿದ್ದೆ. ಮೈಸೂರು ಎಂದರೆ ಎಲ್ಲರ ಮುಖ ಅರಳುತ್ತಿತ್ತು. ಅರಮನೆ ನೋಡಿದ್ದೀರಾ ಎಂದು ಕೇಳುತ್ತಿದ್ದರು. ನಾನು ಅರಮನೆಯ ಹಿಂದಿನ ಬೀದಿಯಲ್ಲೇ ಹುಟ್ಟಿದವಳಂತೆ ತಲೆಯಾಡಿಸುತ್ತಿದ್ದೆ. ಒಂದು ಸುಳ್ಳು ಹೇಳಿದೆ ಅಂತ ನನಗೆ ಯಾವತ್ತೂ ಅನ್ನಿಸಲಿಲ್ಲ. ಅದನ್ನು ಕೇಳಿಸಿಕೊಳ್ಳುತ್ತಾ ನನ್ನ ಸೊಂಟದ ಮೇಲೆ ಒಂದು ಕೂಸು ಬೆಳೆಯುತ್ತಿದೆ ಎನ್ನುವುದೂ ಹೊಳೆಯಲಿಲ್ಲ.

ಆ ಕೂಸು ಶುಭಾ. ಎಂಬತ್ತರ ದಶಕದ ಕೊನೆಕೊನೆಗೆ ಅವಳು ಎರಡನೆಯ ತರಗತಿಯಲ್ಲಿದ್ದಳು. ತಮ್ಮ ಗಿರೀಶನಿಗೆ ಮೂರು ವರ್ಷ. ಬೇಸಿಗೆ ರಜೆ ಹತ್ತಿರ ಬಂದಿತ್ತು. ತೆಲುಗು ಟೀಚರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಸೆಲವುಲಕಿ ಎಕ್ಕಡಿಕಿ ವೆಳ್ತುನ್ನಾರು, ರಜೆಗೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರಂತೆ. ಒಂದು ಮಗು ಅಮ್ಮಮ್ಮನ ಊರು ಎಂದಿತು, ಇನ್ನೊಂದು ರಾಜಮಂಡ್ರಿ ಎಂದಿತು. ನನ್ನ ಮಗಳ ಸರದಿ ಬಂದಾಗ ಟೀಚರು ಹಾಜರಿ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದರು. ಇವಳು ಗಟ್ಟಿಯಾಗಿ ದೊಡ್ಡಿಕಿ ಎಂದಳು. ಟೀಚರು ತಲೆಯೆತ್ತದೆ, ಹೋಗು, ಬೇಗ ಬಾ ಎಂದರು.

ನನ್ನ ಮಗಳು ದೊಡ್ಡವರ ಮಾತು ಮೀರುವವಳಲ್ಲ. ಹೋದಳು. ಹೋಗಿ ಶಾಲೆಯ ಕಕ್ಕಸಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಯಾಕೆ ಕಳಿಸಿದರು ಎಂದು ಯೋಚಿಸಿದಳು. ಆಗ ಅರ್ಥವಾಯಿತು. ತಿರುಗಿ ಬಂದಾಗ ಇಡೀ ತರಗತಿ ನಗುತ್ತಿತ್ತು. ಅವತ್ತಿನಿಂದ ಅವಳ ಹೆಸರು ದೊಡ್ಡಿ ಶುಭಾ ಎಂದಾಯಿತು.

ಮನೆಗೆ ಬಂದು ಚೀಲ ಬಿಸಾಕಿ ಇದನ್ನೆಲ್ಲ ಹೇಳಿದಾಗ ನಾನು ಮಾಡಿದ ಮೊದಲ ಕೆಲಸ, ನಕ್ಕಿದ್ದು. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಅವಳು ಅಳಲಿಲ್ಲ. ನನ್ನನ್ನೇ ನೋಡಿ ಹೇಳಿದಳು:

‘ಅಮ್ಮ, ಇನ್ನು ಯಾವತ್ತೂ ದೊಡ್ಡಿಗೆ ನಾನು ರಾನು.’

ಬರಲ್ಲ ಎನ್ನುವ ಕನ್ನಡದ ಮಾತು ಕೂಡ ಅವಳ ನಾಲಿಗೆಯಿಂದ ಜಾರಿಹೋಗಿತ್ತು. ವರ್ಷಕ್ಕೊಮ್ಮೆ ದೊಡ್ಡಿಗೆ ಹೋಗಿ ಅವ್ವನ ಹತ್ತಿರ ಬೈಸಿಕೊಂಡು, ಅಣ್ಣನ ಮಕ್ಕಳ ಜೊತೆ ಜಗಳವಾಡಿ ಬಂದರೆ ಅವಳ ಕನ್ನಡಕ್ಕೆ ಮತ್ತೆ ಒಂದಿಷ್ಟು ಜೀವ ಬರುತ್ತಿತ್ತು. ಅದೂ ಹೋದರೆ ನನ್ನ ಮಗಳಿಗೂ ನನ್ನ ಅವ್ವನಿಗೂ ನಡುವೆ ಏನು ಉಳಿಯುತ್ತದೆ ಎಂದು ನನಗೆ ಭಯವಾಯಿತು. ನನ್ನ ಊರಿಗೆ ನಾನು ನಾಚಿದ್ದೆ ಸರಿ, ಆದರೆ ಬಿಟ್ಟಿರಲಿಲ್ಲ. ಅವಳು ಬಿಟ್ಟೇಬಿಡುವವಳಂತೆ ಕಂಡಳು.

ನಮ್ಮವರಿಗೆ ಹೇಳಿದರೆ ಅವರು ಅನ್ನ ಕಲಸುತ್ತಾ, ‘ಊರೆಸ್ರು ಬದ್ಲಾಯ್ಸಕಾಯ್ತದಾ? ಬ್ಯಾರೆ ಊರ್ ನೋಡನ ಬುಡು’ ಎಂದರು. ತಮಾಷೆಗೆ ಅಂದದ್ದು. ಶುಭಾ ಅದನ್ನು ವಾಗ್ದಾನವೆಂದೇ ತಿಳಿದಳು. ಮಾರನೆಯ ದಿನದಿಂದ ಯಾವ ಊರು ನೋಡಿದಿರಿ ಎಂದು ಅಪ್ಪನ ಬೆನ್ನು ಹತ್ತಿದಳು.

ಹೀಗೆ ನಾವು ಹೆಣ್ಣು ನೋಡಲು ಹೊರಟವರ ಹಾಗೆ ಊರು ನೋಡಲು ಹೊರಟೆವು. ಶುಭಾಳಿಗೆ ಊರಿನಲ್ಲಿ ಬಾವಿ ಇರಬೇಕು, ಕರು ಇರಬೇಕು, ಒಬ್ಬಳು ಅಜ್ಜಿ ಇರಲೇಬೇಕು, ಹೆಸರು ಮಾತ್ರ ಮರ್ಯಾದೆಯಾಗಿರಬೇಕು. ಗಿರೀಶನಿಗೆ ರೈಲಿನಲ್ಲಿ ಹೋಗುವ ಊರಾದರೆ ಸಾಕು, ಅಲ್ಲಿ ಇಳಿಯದಿದ್ದರೂ ಪರವಾಗಿಲ್ಲ. ನಮ್ಮವರು ತಿಂಗಳುಗಟ್ಟಲೆ ಸಮುದ್ರ ನೋಡುವವರು, ನೀರು ಕಾಣದ ಊರಾಗಬೇಕು ಎಂದರು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊದಲು ನೋಡಿದ್ದು ವರಲಕ್ಷ್ಮಿಗಾರ ತವರನ್ನು. ಭೀಮಿಲಿಯ ಆಚೆ, ತೆಂಗು ತಾಳೆ ಮರಗಳ ನಡುವಿನ ಸಣ್ಣ ಊರು. ಒಂದು ಭಾನುವಾರ ಬಸ್ಸಿನಲ್ಲಿ ಹೋದೆವು. ಆಕೆಯ ತಾಯಿ ನಮ್ಮನ್ನು ಹಿಂದೆ ಎಷ್ಟೋ ಸಲ ಕಂಡವರ ಹಾಗೆ ಒಳಗೆ ಕರೆದು, ತಾಟಿನಿಂಗು ಸುಲಿಸುಲಿದು ಮಕ್ಕಳ ಬಾಯಿಗೆ ಇಟ್ಟರು. ಬಾವಿ ಇತ್ತು, ಕರು ಇತ್ತು. ಶುಭಾ ಸಂಜೆಯವರೆಗೆ ಕರುವಿನ ಕತ್ತು ಬಿಡಲಿಲ್ಲ. ಈ ಸಂಬಂಧ ಕುದುರಿತು ಎಂದು ನಾನು ಒಳಗೊಳಗೇ ಕುಗ್ಗಿದೆ. ಬರುವಾಗ ಬಸ್ಸಿನಲ್ಲಿ ಗಿರೀಶ ಅದು ಯಾರ ಅಜ್ಜಿ ಎಂದು ಕೇಳಿದ. ವರಲಕ್ಷ್ಮಿ ಆಂಟಿಯ ಮಗನ ಅಜ್ಜಿ ಎಂದೆ. ಮನ ಅಜ್ಜಿ ಎಕ್ಕಡ, ನಮ್ಮ ಅಜ್ಜಿ ಎಲ್ಲಿ ಎಂದ. ನಾನು ಕಿಟಕಿಯಿಂದ ಸಮುದ್ರ ನೋಡಿದೆ. ಶುಭಾ ಇನ್ನೊಂದು ಕಿಟಕಿಯಿಂದ ನೋಡಿದಳು.

ಆಮೇಲೆ ಯಾರೋ ಅರಕು ಕಣಿವೆ ಹೇಳಿದರು, ತಂಪಾಗಿರುತ್ತದೆ, ಸುರಂಗಗಳಿರುವ ರೈಲು ದಾರಿ. ಗಿರೀಶ ಆ ಕ್ಷಣವೇ ಚಪ್ಪಲಿ ಹಾಕಿಕೊಂಡ. ಅಲ್ಲಿ ಅಜ್ಜಿ ಇರುತ್ತಾಳಾ ಎಂದು ಶುಭಾ ಕೇಳಿದಳು. ಗೆಸ್ಟ್‌ಹೌಸ್ ಮೇಟಿ ಇರುತ್ತಾನೆ ಎಂದು ನಮ್ಮವರು ಹೇಳಿದರು. ಅರಕು ಅಲ್ಲಿಗೆ ಬಿದ್ದುಹೋಯಿತು.

ಅಷ್ಟರಲ್ಲಿ ಬಂತು ನನ್ನ ಪುಟ್ಟತ್ತೆಯ ಇನ್‌ಲ್ಯಾಂಡ್ ಕಾಗದ. ಪುಟ್ಟತ್ತೆ ನನ್ನ ಅಪ್ಪನ ತಂಗಿ, ನನ್ನ ಸೋದರತ್ತೆ. ವಿಜಯವಾಡದ ಪಕ್ಕದ ಮಂಗಳಗಿರಿಯ ಮಗ್ಗದ ಮನೆಯೊಂದರ ಹುಡುಗ ರೇಷ್ಮೆ ನೂಲು ಕೊಳ್ಳಲು ನಮ್ಮ ಕಡೆ ಬಂದುಹೋಗುತ್ತಿದ್ದವನು, ಅವಳನ್ನು ನೋಡಿ ಮೆಚ್ಚಿ ಮದುವೆಯಾಗಿ ಕರೆದುಕೊಂಡು ಹೋಗಿದ್ದ. ಅದಾಗಿ ಮೂವತ್ತು ವರ್ಷವಾಗಿತ್ತು. ಈಗ ಗಂಡ ಹೆಂಡತಿ ವಿಜಯವಾಡದ ಪಟಮಟದಲ್ಲಿದ್ದರು, ಅವಳ ಅತ್ತೆ ಮಾತ್ರ ಹಿರಿಯ ಮಗನ ಜೊತೆ ಮಂಗಳಗಿರಿಯ ಹಳೆಯ ಮನೆಯಲ್ಲೇ ಇದ್ದರು. ನಾವು ದೊಡ್ಡಿಗೆ ಹೋಗುವಾಗ ಪ್ರತಿ ಸಲ ಗಾಡಿ ವಿಜಯವಾಡದಲ್ಲಿ ನಿಂತಾಗ ಪುಟ್ಟತ್ತೆ ಮೊಸರನ್ನದ ಡಬ್ಬಿ ಹಿಡಿದು ಪ್ಲಾಟ್‌ಫಾರ್ಮಿಗೆ ಬರುತ್ತಿದ್ದಳು. ಈ ಸಲವಾದರೂ ಇಳಿದು ನಾಲ್ಕು ದಿನ ಇದ್ದು ಹೋಗಿ ಎಂದು ಬರೆದಿದ್ದಳು. ವಿಜಯವಾಡ ದೊಡ್ಡಿಯಲ್ಲ, ಪಕ್ಕದಲ್ಲೇ ಒಬ್ಬರು ಅಜ್ಜಿಯೂ ಇದ್ದಾರೆ ಎಂದು ಶುಭಾ ಒಪ್ಪಿದಳು. ಟಿಕೆಟ್ ಅಲ್ಲಿಯವರೆಗೆ ಮಾತ್ರ ತೆಗೆದೆವು. ಅವ್ವನಿಗೆ, ಈ ವರ್ಷ ಇವರಿಗೆ ರಜ ಸಿಕ್ಕಿಲ್ಲ, ಬರುವುದಕ್ಕಾಗುವುದಿಲ್ಲ ಎಂದು ಬರೆದೆ. ಅವ್ವನಿಗೆ ಓದು ಬಾರದು, ಅಣ್ಣ ಓದಿ ಹೇಳಬೇಕು. ಆ ಸುಳ್ಳನ್ನು ಅವನು ಗಟ್ಟಿಯಾಗಿ ಓದುವುದು ನನಗೆ ವಿಶಾಖಪಟ್ಟಣದಲ್ಲೇ ಕೇಳಿಸುತ್ತಿತ್ತು.

ಪುಟ್ಟತ್ತೆಯ ಕನ್ನಡ ಕೇಳಬೇಕಿತ್ತು ನೀವು. ಮೂವತ್ತು ವರ್ಷದ ಹಿಂದಿನ ದೊಡ್ಡಿಯ ಮಾತು ಹಾಗೇ ಇತ್ತು, ನಡುನಡುವೆ ತೆಲುಗು ತಾನಾಗಿ ಬಂದು ಕೂತಿತ್ತು. ‘ಬಾರವ್ವ, ಕೂಸ್ಗೆ ಆಕಲಿ ಆಗಿರ್ತದೆ, ಮದ್ಲು ಉಣ್ಣಕಿಕ್ಕನ’ ಎಂದು ಬರಮಾಡಿಕೊಂಡಳು. ಹಸಿವು ಎನ್ನುವ ಮಾತು ಅವಳಿಗೂ ಮರೆತಿತ್ತು. ಮುಂದಕ್ಕೆ ಟಿಕೆಟ್ ಯಾವತ್ತಿಗೆ ಎಂದು ಕೇಳಿದಾಗ ನಾನು ಅಡುಗೆಮನೆಯಲ್ಲಿ ನಿಂತು ಎಲ್ಲ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಒಲೆಯ ಉರಿ ತಗ್ಗಿಸಿ, ‘ನಾಳೀಕೆ ಮಂಗಳಗಿರಿಗೆ ಓಗನ. ನಮ್ಮತ್ತೆ ನೋಡ್ದಂಗಾಯ್ತದೆ’ ಎಂದಳು. ಅಷ್ಟೇ.

ಮಂಗಳಗಿರಿಯ ಆ ಬೀದಿಯಲ್ಲಿ ಮನೆಮನೆಯಿಂದಲೂ ಮಗ್ಗದ ಸದ್ದು ಬರುತ್ತಿತ್ತು. ಬೀದಿಯ ಉದ್ದಕ್ಕೂ ನೂಲು ಹಾಸಿ ಗಂಜಿ ಬಳಿಯುತ್ತಿದ್ದರು, ನಾವು ಗೋಡೆ ಪಕ್ಕದಲ್ಲೇ ಸಾಲಾಗಿ ನಡೆದು ಹೋದೆವು. ಪುಟ್ಟತ್ತೆಯ ಅತ್ತೆಯನ್ನು ಆ ಮನೆಯಲ್ಲಿ ಎಲ್ಲರೂ ನಾಯನಮ್ಮ ಎನ್ನುತ್ತಿದ್ದರು, ತೆಲುಗಿನಲ್ಲಿ ಅಪ್ಪನ ತಾಯಿ ಎಂದು. ನಾವೂ ಹಾಗೇ ಕರೆದೆವು. ಎಂಬತ್ತರ ಹತ್ತಿರದ ಸಣ್ಣ ಜೀವ, ಕಿವಿ ಚುರುಕು, ಮಂಡಿ ಹೋಗಿತ್ತು. ಶುಭಾಳನ್ನು ಹತ್ತಿರ ಕೂರಿಸಿಕೊಂಡು ನಿಮ್ಮದು ಯಾವ ಊರಮ್ಮ ಎಂದು ಕೇಳಿದರು. ನನ್ನ ಮಗಳು ಕಣ್ಣು ಮಿಟುಕಿಸದೆ ಹೇಳಿದಳು, ಮೈಸೂರು ಹತ್ತಿರ.

ನನ್ನ ಮಾತು, ನನ್ನದೇ ರಾಗ. ಮುಖದಲ್ಲಿ ಅದೇ ಅರಮನೆಯ ಗತ್ತು. ನಾನು ಯಾರ ಅಣ್ಣನ ಮಗಳೆಂದು ನಾಯನಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವರು ಹೌದಾ ತಾಯಿ ಎಂದು ಅವಳ ತಲೆ ಸವರಿದರು. ನಾನು ತಲೆ ತಗ್ಗಿಸಿದೆ.

ಮಧ್ಯಾಹ್ನ ಊಟವಾದ ಮೇಲೆ ಗಿರೀಶ ಅಂಗಳದ ನಡುವೆ ನಿಂತು ಕಾಲು ಕುಣಿಸತೊಡಗಿದ. ಕ್ವಾರ್ಟರ್ಸಿನಲ್ಲಿ ಕಲಿತಿದ್ದ ಮಾತಿನಲ್ಲೇ, ದೊಡ್ಡಿ, ದೊಡ್ಡಿ ಎಂದು ಕೂಗಿದ. ಶುಭಾಳ ಮುಖ ಕೆಂಪಾಯಿತು. ನಾಯನಮ್ಮ ಕೂತಲ್ಲಿಂದಲೇ ಅವನ ಕೈ ಹಿಡಿದು ಹೇಳಿದರು:

‘ಅಲಾ ಅನಕೂಡದು ನಾನ್ನಾ. ಅದಿ ಮಾ ಕೋಡಲು ಪುಟ್ಟಿನ ಊರು.’

ಹಾಗೆ ಅನ್ನಬಾರದು ಕಂದ, ಅದು ನಮ್ಮ ಸೊಸೆ ಹುಟ್ಟಿದ ಊರು ಎಂದರು. ಈ ಮನೆಯಲ್ಲಿ ಅದಕ್ಕೆ ಪೆರಡು ಎನ್ನಬೇಕು ಎಂದು ಅವನಿಗೆ ಹೇಳಿಕೊಟ್ಟು ಹಿತ್ತಲಿಗೆ ಕಳಿಸಿದರು. ಪೆರಡು ಎಂದರೂ ಹಿತ್ತಲೇ, ತೆಲುಗಿನಲ್ಲಿ ಅದಕ್ಕೆ ಇನ್ನೊಂದು ಹೆಸರು. ಮಗ್ಗದ ಮುಂದೆ ಕೂತಿದ್ದವರು ಯಾರೂ ನಗಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಶುಭಾ ಕೈಯಲ್ಲಿದ್ದ ನೂಲಿನ ಉಂಡೆ ಕೆಳಗಿಟ್ಟು ನಾಯನಮ್ಮನ ಹತ್ತಿರ ಸರಿದಳು. ಅವರು ಆಗ ಹೇಳಿದ ಕಥೆಯನ್ನೇ ನಾನು ಈಗ ನಿಮಗೆ ಹೇಳುತ್ತಿರುವುದು.

ಪುಟ್ಟತ್ತೆ ಈ ಮನೆಗೆ ಬಂದ ಹೊಸದರಲ್ಲಿ ಗಂಡ ನೂಲು ಕೊಳ್ಳಲು ಪರಊರಿಗೆ ಹೋದನಂತೆ. ಮನೆಯಲ್ಲಿ ಅತ್ತೆಗೆ ಕನ್ನಡ ಬಾರದು, ಸೊಸೆಗೆ ತೆಲುಗು ಬಾರದು. ಹದಿನೇಳು ವರ್ಷದ ಹುಡುಗಿ ಬೆಳಿಗ್ಗೆ ಎದ್ದು ಕಣ್ಣು ತುಂಬಿಕೊಂಡು ಅತ್ತೆಯ ಮುಂದೆ ನಿಂತಳು, ದೊಡ್ಡಿಗೆ ಹೋಗಬೇಕು ಎಂದಳು. ಅತ್ತೆಗೆ ಗೊತ್ತಾದದ್ದು ಅದೊಂದೇ ಮಾತು. ಪಾಪ, ಹುಡುಗಿಗೆ ಅವಸರವಾಗಿದೆ, ನಾಚಿಕೆಯಿಂದ ಅಳುತ್ತಿದ್ದಾಳೆ ಎಂದುಕೊಂಡು ಕೈಗೆ ಸಿಕ್ಕ ಚೊಂಬಿನಲ್ಲಿ ನೀರು ತುಂಬಿ ಕೊಟ್ಟು ಹಿತ್ತಲು ತೋರಿಸಿದರು. ಕೈಗೆ ಸಿಕ್ಕದ್ದು ಕುಡಿಯುವ ನೀರಿನ ಒಳ್ಳೆಯ ಚೊಂಬು, ಅವರ ಮದುವೆಯಲ್ಲಿ ಅವರ ತವರಿನವರು ಕೊಟ್ಟದ್ದು. ಇದು ಈ ಊರಿನ ಪದ್ಧತಿಯೇನೋ, ಅತ್ತರೆ ಚೊಂಬು ಕೊಡುತ್ತಾರೆ ಎಂದು ಪುಟ್ಟತ್ತೆ ಹಿತ್ತಲಿಗೆ ಹೋದಳು. ಅಲ್ಲಿದ್ದ ಸಣ್ಣ ಕರಿಬೇವಿನ ಗಿಡದ ಹತ್ತಿರ ಕೂತು ಅತ್ತಳು. ನೀರನ್ನು ಗಿಡಕ್ಕೆ ಸುರಿದು ಬಂದಳು. ಮಧ್ಯಾಹ್ನ ಮತ್ತೆ 'ದೊಡ್ಡಿಗೆ' ಎಂದಳು, ಮತ್ತೆ ಚೊಂಬು. ಸಂಜೆ ಮತ್ತೆ. ಮೂರು ವಾರ ಹೀಗೇ ನಡೆಯಿತು. ದಿನಕ್ಕೆ ಇಷ್ಟು ಸಲ ಹೋಗುತ್ತಾಳೆಂದರೆ ಹೊಟ್ಟೆ ಕೆಟ್ಟಿದೆ ಎಂದು ನಾಯನಮ್ಮ ಓಮದ ಕಷಾಯ ಕುಡಿಸಿದರು, ದಾಳಿಂಬೆ ಸಿಪ್ಪೆ ಅರೆದು ಕೊಟ್ಟರು, ಅನ್ನ ಬಿಡಿಸಿ ಬರೀ ಗಂಜಿಗೆ ಹಾಕಿದರು. ಹುಡುಗಿ ಸೊರಗಿದಳು. ಕರಿಬೇವಿನ ಗಿಡ ಮಾತ್ರ ಚೆನ್ನಾಗಿ ಚಿಗುರಿತು.

ಮಗ ಬಂದಾಗ, ನಿನ್ನ ಹೆಂಡತಿಯನ್ನು ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದು ನಾಯನಮ್ಮ ಹೇಳಿದರು. ಅವನು ಹೆಂಡತಿಯನ್ನು ಕೇಳಿದ, ವಿಷಯ ತಿಳಿಯಿತು, ಬಿದ್ದು ಬಿದ್ದು ನಕ್ಕ. ನಾಯನಮ್ಮ ನಗಲಿಲ್ಲ. ಅಲ್ಲೇ ಕುಸಿದು ಕೂತರಂತೆ. ಮೂವತ್ತು ವರ್ಷದ ಮೇಲೆ ನಮಗೆ ಹೇಳುವಾಗಲೂ ಅವರ ದನಿ ಸಣ್ಣದಾಯಿತು.

‘ಮೂಡು ವಾರಾಲು ಆ ಪಿಲ್ಲ ಪುಟ್ಟಿಂಟಿಕಿ ವೆಳ್ತಾನಂಟೇ ನೇನು ಚೆಂಬು ಇಚ್ಚಾನಾ?’

ಮೂರು ವಾರ ಆ ಹುಡುಗಿ ತವರಿಗೆ ಹೋಗುತ್ತೇನೆ ಎಂದರೆ ನಾನು ಚೊಂಬು ಕೊಟ್ಟೆನಾ ಎಂದು ಅವರು ಅವತ್ತು ಮಗನನ್ನು ಕೇಳಿದ್ದರು. ಮರುದಿನವೇ ಸೊಸೆಯನ್ನು, ಮಗ್ಗದಿಂದ ಆಗಷ್ಟೇ ಇಳಿದ ಸೀರೆಯೊಂದನ್ನು ಕೊಟ್ಟು, ತವರಿಗೆ ಕಳಿಸಿದರು. ಆಮೇಲೆ ಮನೆಯಲ್ಲಿ ಕಟ್ಟಪ್ಪಣೆ ಮಾಡಿದರು. ನಮ್ಮ ಸೊಸೆಯ ಊರಿನ ಹೆಸರನ್ನು ಈ ಮನೆಯಲ್ಲಿ ಯಾರೂ ಅದಕ್ಕೆ ಬಳಸಕೂಡದು. ನೇಯುವವರು, ನೂಲು ತರುವವರು, ನೆಂಟರು, ಎಲ್ಲರಿಗೂ ಅದೇ ನಿಯಮ. ಮರೆತವರನ್ನು ಗಿರೀಶನನ್ನು ತಿದ್ದಿದ ಹಾಗೇ ತಿದ್ದುತ್ತಿದ್ದರು. ಆ ಮನೆಯ ಮೊಮ್ಮಕ್ಕಳು ಶಾಲೆಯಲ್ಲಿ ಪೆರಟ್ಲೋಕಿ ಹೋಗುತ್ತೇನೆ ಎಂದರೆ, ಹಿತ್ತಲಲ್ಲಿ ನಿನಗೇನು ಕೆಲಸ, ಕೂತುಕೋ ಎಂದು ಮೇಷ್ಟ್ರು ಗದರಿಸುತ್ತಿದ್ದರಂತೆ. ಆ ಮಕ್ಕಳೂ ನಮ್ಮ ಊರಿಗಾಗಿ ಇಷ್ಟು ಕಷ್ಟ ಅನುಭವಿಸಿದ್ದವು.

ಶುಭಾ ಕಥೆ ಮುಗಿದ ಮೇಲೆ ಎದ್ದಳು. ಹಿತ್ತಲಿಗೆ ಹೋಗಿ ಕರಿಬೇವಿನ ಮರ ನೋಡಿ ಬಂದಳು, ಅದು ಆಗ ಸೂರಿಗಿಂತ ಎತ್ತರವಾಗಿತ್ತು. ಆಮೇಲೆ ನನ್ನ ಕಿವಿಯಲ್ಲಿ, ನಾಯನಮ್ಮನಿಗೆ ಮೈಸೂರು ಅಂತ ಅಬದ್ಧ ಹೇಳಿಬಿಟ್ಟೆ, ನಮ್ಮದು ಯಾವ ಊರು ಅಂತ ನೀನು ಹೇಳು ಎಂದಳು. ನೀನೇ ಹೇಳು ಎಂದೆ. ಅದು ಬುದ್ಧಿವಂತಿಕೆಯಲ್ಲ, ನನಗೇ ಬಾಯಿ ಬರಲಿಲ್ಲ. ಅವಳು ಹೋಗಿ ಅವರ ಮುಂದೆ ನಿಂತು, ನಮ್ಮದೂ ದೊಡ್ಡಿಯೇ ಎಂದಳು.

‘ನಾಯನಮ್ಮಾ, ಮಾದಿ ಕೂಡಾ ದೊಡ್ಡೇ.’

‘ತೆಲುಸು ತಲ್ಲೀ. ನುವ್ವೇ ಚೆಬುತಾವನಿ ಚೂಸ್ತುನ್ನಾ.’

ಗೊತ್ತು ತಾಯಿ, ನೀನೇ ಹೇಳಲಿ ಎಂದು ಕಾಯುತ್ತಿದ್ದೆ ಎಂದರು. ಆಮೇಲೆ ಪುಟ್ಟತ್ತೆಯನ್ನು ಕೂಗಿ ದೇವರಗೂಡಿನ ಪಕ್ಕದಲ್ಲಿದ್ದ ಚೊಂಬನ್ನು ತರಿಸಿ ಶುಭಾಳ ಕೈಗಿಟ್ಟರು. ಅವರು ಸೊಸೆಯ ಊರನ್ನು ಒಮ್ಮೆಯೂ ನೋಡಿರಲಿಲ್ಲ. ಇನ್ನು ಈ ಮಂಡಿ ಅಷ್ಟು ದೂರ ಬಿಡುವುದಿಲ್ಲ, ನೀನು ಹೋಗಿ ನೋಡಿಕೊಂಡು ಬಾ, ಬರುವಾಗ ಇದರ ತುಂಬ ಆ ಊರಿನ ರಾಗಿ ತಂದುಕೊಡು ಎಂದರು. ಪುಟ್ಟತ್ತೆ ಹೊಸದರಲ್ಲಿ ಒಮ್ಮೆ ಮುದ್ದೆ ಮಾಡಿಕೊಟ್ಟಾಗ ಅವರು ಅದನ್ನು ಅಗಿಯಲು ಹೋಗಿ ಹಲ್ಲಿಗೆಲ್ಲ ಅಂಟಿಸಿಕೊಂಡಿದ್ದರಂತೆ. ಅಂಗಡಿಯ ರಾಗಿ ಸರಿಯಿರಲಿಲ್ಲ, ನಿಮ್ಮೂರಿನದಾದರೆ ಅಂಟುವುದಿಲ್ಲವೇನೋ ಎಂಬುದು ಅವರ ವಾದ. ದೊಡ್ಡಿಗೆ ರಾನು ಎಂದಿದ್ದ ನನ್ನ ಮಗಳು ಎರಡೂ ಕೈಯಿಂದ ಚೊಂಬು ಹಿಡಿದು ಅಪ್ಪನ ಕಡೆ ತಿರುಗಿ, ಟಿಕೆಟ್ ಯಾವಾಗ ತರುತ್ತೀರಿ ಎಂದಳು. ನಮ್ಮವರು ಆ ಸಂಜೆಯೇ ಬಸ್ಸು ಹಿಡಿದು ಸ್ಟೇಷನ್ನಿಗೆ ಹೋದರು. ಸೀಟು ಸಿಗದೆ ಮದರಾಸಿನವರೆಗೆ ಟ್ರಂಕಿನ ಮೇಲೆ ಕೂತು ಪ್ರಯಾಣ ಮಾಡಿದರು, ಒಂದು ಮಾತೂ ಗೊಣಗಲಿಲ್ಲ.

ದೊಡ್ಡಿಯಲ್ಲಿ ನಮ್ಮನ್ನು ಕಂಡು ಅವ್ವ, ‘ರಜ ಇಲ್ಲ ಅಂತ ಬರ್ದಿದ್ಯಲ್ಲವ್ವ?’ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಶುಭಾ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಟೀಚರಿಂದ ಹಿಡಿದು ಕರಿಬೇವಿನವರೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಅವ್ವ ಜಗಲಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಗು ನಿಂತ ಮೇಲೆ ನೀರು ಮಾತ್ರ ನಿಲ್ಲಲಿಲ್ಲ. ‘ನಮ್ ಪುಟ್ಟಿ ಇದ್ನ ಒಂದ್ ದಿನಾನೂ ಏಳ್ಳಿಲ್ವಲ್ಲ. ಒಬ್ಳೇ ಕುಂತ್ಕಂಡು ಅತ್ತವ್ಳೆ’ ಎಂದಳು. ಪುಟ್ಟತ್ತೆ ತವರಿನಲ್ಲಿ ಅತ್ತೆಮನೆಯ ಬಗ್ಗೆ ನಗುವ ಮಾತು ಆಡಿಸಿಕೊಳ್ಳಲು ಇಷ್ಟಪಡದೆ ಮೂವತ್ತು ವರ್ಷ ಬಾಯಿ ಬಿಟ್ಟಿರಲಿಲ್ಲ. ಅಲ್ಲಿ ಅತ್ತೆ ಇವಳ ಊರಿನ ಮರ್ಯಾದೆ ಕಾದರೆ, ಇಲ್ಲಿ ಇವಳು ಅತ್ತೆಯ ಮರ್ಯಾದೆ ಕಾದಿದ್ದಳು.

ಹೊರಡುವ ದಿನ ಅವ್ವ ಹುಣಸೆಹಣ್ಣು ಹಾಕಿ ಚೊಂಬು ತಿಕ್ಕಿದಳು. ಅದರಲ್ಲಿ ಅಂಥದ್ದೇನೂ ನಡೆದಿಲ್ಲ, ಗಿಡಕ್ಕೆ ನೀರು ಹಾಕಿದ್ದು ಅಷ್ಟೇ ಎಂದು ಶುಭಾ ಮತ್ತೆ ಮತ್ತೆ ಹೇಳಿದರೂ ಮೂರು ಸಲ ತಿಕ್ಕಿದಳು. ರಾಗಿಯನ್ನು ಕೇರಿ, ಕಲ್ಲು ಆರಿಸಿ, ತುಂಬಿ, ಬಾಯಿಗೆ ಹೊಸ ಬಟ್ಟೆ ಕಟ್ಟಿಕೊಟ್ಟಳು.

ವಾಪಸು ಬರುವಾಗ ಗಾಡಿ ವಿಜಯವಾಡದಲ್ಲಿ ನಿಂತಾಗ ಸುಡುಸುಡು ಮಧ್ಯಾಹ್ನ. ಪುಟ್ಟತ್ತೆ ಮೊಸರನ್ನದ ಡಬ್ಬಿಯ ಜೊತೆಗೆ ನಾಯನಮ್ಮನನ್ನೂ ಕರೆತಂದು ಕಲ್ಲುಬೆಂಚಿನ ಮೇಲೆ ಕೂರಿಸಿದ್ದಳು. ಶುಭಾ ಬೋಗಿಯ ಬಾಗಿಲಿನಿಂದಲೇ ಚೊಂಬು ಎತ್ತಿ ಹಿಡಿದು ಪ್ಲಾಟ್‌ಫಾರ್ಮಿಗೆಲ್ಲ ಕೇಳುವಂತೆ ಕೂಗಿದಳು:

‘ನಾಯನಮ್ಮಾ, ದೊಡ್ಡಿನುಂಚಿ ತೆಚ್ಚಾನು!’

ದೊಡ್ಡಿಯಿಂದ ತಂದಿದ್ದೇನೆ. ತೆಲುಗರು ಅದನ್ನು ಹೇಗೆ ಕೇಳಿಸಿಕೊಂಡಿರಬೇಕು, ನೀವೇ ಲೆಕ್ಕ ಹಾಕಿ. ಚಹಾ ಮಾರುವವನು ನಿಂತುಬಿಟ್ಟ. ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದ ಒಬ್ಬರು ತಮ್ಮ ಕೂಜವನ್ನು ಪಕ್ಕಕ್ಕೆ ಎಳೆದುಕೊಂಡರು. ನಾಯನಮ್ಮ ಬಟ್ಟೆ ಬಿಚ್ಚಿ ಒಂದು ಚಿಟಿಕೆ ತೆಗೆದು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ನಲ್ಲಿಯ ಹತ್ತಿರದವರು ಮುಖ ಆಚೆ ತಿರುಗಿಸಿದರು. ನಾಯನಮ್ಮ ರಾಗಿಯನ್ನೆಲ್ಲ ತಮ್ಮ ಸೆರಗಿಗೆ ಸುರಿದುಕೊಂಡು ಖಾಲಿ ಚೊಂಬನ್ನು ಶುಭಾಳ ಕೈಗೇ ಕೊಟ್ಟರು, ಮುಂದಿನ ವರ್ಷ ಮತ್ತೆ ತುಂಬಿಸಿಕೊಂಡು ಬಾ ಎಂದರು.

ಅಲ್ಲಿಂದ ಮುಂದೆ ರಜೆಗೆ ಯಾವ ಊರು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಪ್ರತಿ ಬೇಸಿಗೆ ಚೊಂಬು ಖಾಲಿ ಹೋಗಿ ತುಂಬಿ ಬರುತ್ತಿತ್ತು, ತೊಂಬತ್ತರ ದಶಕದಲ್ಲಿ ನಾಯನಮ್ಮ ಹೋಗುವವರೆಗೆ. ಶಾಲೆಯಲ್ಲಿ ದೊಡ್ಡಿ ಶುಭಾ ಎಂಬ ಹೆಸರು ಹೋಗಲಿಲ್ಲ, ಆದರೆ ಅವಳು ಅದಕ್ಕೆ ಓಗೊಡಲು ಶುರುಮಾಡಿದಳು. ಅವಳ ಕನ್ನಡ ಇವತ್ತಿಗೂ ದೊಡ್ಡಿಯ ಕನ್ನಡ. ಅದನ್ನು ನನ್ನ ಮಗಳಿಗೆ ಉಳಿಸಿಕೊಟ್ಟದ್ದು ನಾನಲ್ಲ, ಒಂದು ಅಕ್ಷರ ಕನ್ನಡ ಬಾರದ ಮಂಗಳಗಿರಿಯ ಆ ಹೆಂಗಸು. ಕಪಾಟಿನ ಗಾಜು ಒರೆಸುವಾಗಲೆಲ್ಲ ಅವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಒಂದು ಮಾತು ಹೇಳದೆ ಬಿಟ್ಟೆ. ಆ ಮೊದಲ ವರ್ಷ ಗಾಡಿ ವಿಜಯವಾಡ ಬಿಟ್ಟ ಮೇಲೆ ಎದುರಿನ ಸೀಟಿಗೆ ಒಬ್ಬ ದೊಡ್ಡ ಮನೆತನದ ಹೆಂಗಸು ಬಂದು ಕೂತರು. ಒಳ್ಳೆಯವರು, ಮಕ್ಕಳಿಗೆ ಬಾಳೆಹಣ್ಣು ಕೊಟ್ಟರು. ಆಮೇಲೆ ನಗುತ್ತಾ, ಮೀದಿ ಏ ಊರಂಡಿ, ನಿಮ್ಮದು ಯಾವ ಊರು ಎಂದು ನನ್ನನ್ನು ಕೇಳಿದರು. ಶುಭಾ ನನ್ನ ಮುಖ ನೋಡಿದಳು. ಮೈಸೂರು ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನು ನುಂಗಿಕೊಂಡು, ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದ ಮೇಲೆ ಮೊದಲ ಸಲ, ಗಟ್ಟಿಯಾಗಿ ದೊಡ್ಡಿ ಎಂದೆ.

ಆಕೆಗೆ ಗಾಡಿಯ ಸದ್ದಿನಲ್ಲಿ ನಾನು ಪ್ರಶ್ನೆಗೆ ಉತ್ತರ ಕೊಟ್ಟೆ ಎನ್ನಿಸಲಿಲ್ಲ. ಅಯ್ಯೋ ಹೋಗಿಬನ್ನಿ ಎಂದು ಗೌರವದಿಂದ ಕಾಲು ಮೇಲಕ್ಕೆತ್ತಿ ದಾರಿ ಬಿಟ್ಟುಕೊಟ್ಟು, ಬೋಗಿಯ ಕೊನೆಯ ಬಾಗಿಲು ತೋರಿಸಿದರು. ಆಕೆಯದು ತಪ್ಪು ಎನ್ನುವ ಹಾಗೂ ಇರಲಿಲ್ಲ. ನನ್ನ ಕೈಯಲ್ಲಿ ಚೊಂಬು ಬೇರೆ ಇತ್ತು.